ತತ್ತಿ, ಹಾಲು, ಶೇಂಗಾ ಆಗದ ಮಕ್ಕಳಿಗೆ ಲಸಿಕೆ ಹಾಕಿಸಬಹುದೇ?

ಕುಟುಂಬ ಮತ್ತು ಆರೋಗ್ಯ: ಅಧ್ಯಯನ ಪಾಠ



ಲಸಿಕೆಯ ದಿನ ಅಂಗನವಾಡಿಯಿಂದ ಆಶಾತಾಯಿ ಮನೆಗೆ ಬಂದು ಕರೆದಾಗ, ನಮ್ಮ ಕೆಲವು ಮನೆಗಳಿಂದ ಬರುವ ಉತ್ತರ ಒಂದೇ: "ನಮ್ಮ ಕೂಸಿಗೆ ತತ್ತಿ ಆಗೂದಿಲ್ಲ, ಸೂಜಿ ಬ್ಯಾಡ." ಇನ್ನು ಕೆಲವು ಮನೆಗಳಲ್ಲಿ ಇದರ ತಿರುವುಮುರುವು. ಹಾಲು ಕುಡಿದರೆ ಮಗುವಿನ ತುಟಿ ಊದಿಕೊಳ್ಳುವುದು ತಾಯಿಗೆ ಗೊತ್ತಿದೆ; ಆದರೆ ನರ್ಸ್‌ಬಾಯಿ ಕೇಳಲಿಲ್ಲ, ತಾಯಿ ಹೇಳಲಿಲ್ಲ. ಮೊದಲನೆಯವರು ಹೆದರಿ ಮಗುವನ್ನು ರೋಗದ ಎದುರಿಗೆ ಬರಿಗೈಯಲ್ಲಿ ನಿಲ್ಲಿಸುತ್ತಾರೆ. ಎರಡನೆಯವರು ಹೇಳಬೇಕಾದ ಒಂದು ಮಾತನ್ನು ಹೇಳದೆ ಬಿಡುತ್ತಾರೆ. ಈ ಪಾಠ ಇಬ್ಬರಿಗೂ ಸೇರಿದ್ದು.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದಲ್ಲಿ ನಾವು ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಆಸ್ಪತ್ರೆಯಲ್ಲಿ ಮರಾಠಿ ಕೇಳುತ್ತೇವೆ, ಔಷಧದ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ನೋಡುತ್ತೇವೆ. ಹೀಗಾಗಿ ಅರ್ಧ ತಿಳಿದ ಮಾತು ಬಾಯಿಂದ ಬಾಯಿಗೆ ಹರಿದು ದೊಡ್ಡದಾಗುತ್ತದೆ. ಆದ್ದರಿಂದ ವಿಷಯವನ್ನು ನಮ್ಮದೇ ಭಾಷೆಯಲ್ಲಿ ಒಂದೊಂದಾಗಿ ನೋಡೋಣ.

1. ಯಾವುದು ಅಲರ್ಜಿ, ಯಾವುದು ಅಲ್ಲ?

ನಮ್ಮ ದೇಹದೊಳಗೆ ರೋಗಾಣುಗಳ ವಿರುದ್ಧ ಹೋರಾಡುವ ಒಂದು ಕಾವಲು ವ್ಯವಸ್ಥೆಯನ್ನು ದೇವರು ಇಟ್ಟಿದ್ದಾರೆ. ಕೆಲವರಲ್ಲಿ ಈ ಕಾವಲು, ತತ್ತಿಯ ಅಥವಾ ಹಾಲಿನ ಪ್ರೋಟೀನನ್ನು ವೈರಿಯೆಂದು ತಪ್ಪು ತಿಳಿದು ಮೇಲೆ ಬೀಳುತ್ತದೆ. ಇದೇ ಆಹಾರದ ಅಲರ್ಜಿ. ನಿಜವಾದ ತಕ್ಷಣದ ಅಲರ್ಜಿಯಾದರೆ ಅದನ್ನು ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ತಿಳಿಯುತ್ತದೆ: ಮೈಮೇಲೆ ಪಿತ್ತದ ಗಂಧೆಗಳು ಏಳುವುದು, ತುಟಿ ಅಥವಾ ಕಣ್ಣಿನ ರೆಪ್ಪೆ ಊದುವುದು, ಮೇಲಿಂದ ಮೇಲೆ ವಾಂತಿ, ಉಸಿರಾಡುವಾಗ ಸುಂಯ್ ಎಂಬ ಸಪ್ಪಳ, ಮಗು ಬಿಳಿಚಿಕೊಂಡು ಸೋತು ಬೀಳುವುದು.

ಹಾಲು ಕುಡಿದರೆ ಹೊಟ್ಟೆ ಉಬ್ಬುವುದು, ವಾಯು ಆಗುವುದು, ತೆಳ್ಳಗೆ ಹೊರಗೆ ಹೋಗುವುದು ಹೆಚ್ಚಾಗಿ ಅಲರ್ಜಿಯಲ್ಲ. ಅದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣವಾಗದೆ ಬರುವ ತೊಂದರೆ. ಲಸಿಕೆಗೂ ಅದಕ್ಕೂ ಸಂಬಂಧವಿಲ್ಲ. "ತತ್ತಿ ತಿಂದರೆ ಉಷ್ಣ ಆಗತದ", "ಶೇಂಗಾ ತಿಂದರೆ ಪಿತ್ತ ಆಗತದ" ಎಂಬ ಹಿರಿಯರ ಮಾತು ಕೂಡ ಅಲರ್ಜಿಯ ಮಾತಲ್ಲ.

ರಕ್ತ ಪರೀಕ್ಷೆಯ ಕಾಗದ ಒಂದನ್ನೇ ಹಿಡಿದು ಅಲರ್ಜಿ ಎಂದು ತೀರ್ಮಾನಿಸಲೂ ಬಾರದು. ಬೆಂಗಳೂರು ಮತ್ತು ಮೈಸೂರು ಭಾಗದ ವಯಸ್ಕರಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನವು ಇದನ್ನು ಚೆನ್ನಾಗಿ ತೋರಿಸಿತು. ನೂರಕ್ಕೆ ಸುಮಾರು 26 ಜನರ ರಕ್ತ ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಅಲರ್ಜಿಯ ಗುರುತು ಕಂಡಿತ್ತು. ಆದರೆ ತಿಂದಾಗ ತೊಂದರೆಯೂ ಆಗಿ, ಪರೀಕ್ಷೆಯೂ ಅದಕ್ಕೆ ಹೊಂದಿಕೊಂಡವರು ನೂರಕ್ಕೆ 1.2 ಮಾತ್ರ. ಮಕ್ಕಳಲ್ಲಿ ಇದು ಇನ್ನೂ ಕಡಿಮೆ ಎಂದು ಇದೇ ಸಾಲಿನ ಮತ್ತೊಂದು ಅಧ್ಯಯನ ಹೇಳಿತು. ಕಾಗದದ ಮೇಲೆ ಗುರುತು ಇದ್ದು, ಮಗು ತತ್ತಿ ತಿಂದು ಆರಾಮಾಗಿದ್ದರೆ ಅದು ಅಲರ್ಜಿಯಲ್ಲ.

ಆದ್ದರಿಂದ ಮೊದಲ ಕೆಲಸ, ಮಗುವಿಗೆ ನಿಜವಾಗಿ ಏನಾಯಿತು ಎಂದು ನೆನಪು ಮಾಡಿಕೊಂಡು ಬರೆದಿಡುವುದು. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಯಾವ ಔಷಧದಿಂದ ಕಡಿಮೆಯಾಯಿತು. ಈ ನಾಲ್ಕು ಸಾಲು ವೈದ್ಯರಿಗೆ ಹತ್ತು ಪರೀಕ್ಷೆಗಿಂತ ಹೆಚ್ಚು ಉಪಯೋಗ.

2. ಲಸಿಕೆಯೊಳಗೆ ಆಹಾರ ಹೇಗೆ ಬಂತು?

ಲಸಿಕೆಯಲ್ಲಿ ಇರುವುದು ದುರ್ಬಲಗೊಳಿಸಿದ ಅಥವಾ ಸತ್ತ ರೋಗಾಣು, ಇಲ್ಲವೆ ಅದರ ಒಂದು ತುಣುಕು. ಅದನ್ನು ಎಲ್ಲಿಯಾದರೂ ಬೆಳೆಸಬೇಕಲ್ಲವೇ? ಕೆಲವು ವೈರಸ್‌ಗಳನ್ನು ಕೋಳಿಯ ತತ್ತಿಯೊಳಗೆ, ಕೆಲವನ್ನು ಕೋಳಿಮರಿಯ ಭ್ರೂಣದ ಕೋಶಗಳಲ್ಲಿ, ಕೆಲವನ್ನು ಬೇರೆ ಕೋಶಗಳಲ್ಲಿ ಬೆಳೆಸುತ್ತಾರೆ. ಬ್ಯಾಕ್ಟೀರಿಯಾಗಳಿಗೆ ಪೋಷಕ ದ್ರವ ಬೇಕು. ಅದನ್ನು ಹಾಲಿನ ಪ್ರೋಟೀನಿನಿಂದ ಮಾಡುವುದುಂಟು. ಕೊನೆಗೆ ಪುಡಿಯಾಗಿ ಒಣಗಿಸಿದ ಲಸಿಕೆ ಕೆಡದಿರಲಿ ಎಂದು ಜೆಲಾಟಿನ್‌ನಂಥ ಪದಾರ್ಥ ಸೇರಿಸುತ್ತಾರೆ. ಶುದ್ಧೀಕರಿಸಿದ ಮೇಲೆ ಇವುಗಳಲ್ಲಿ ಉಳಿಯುವುದು ಸೂಕ್ಷ್ಮ ಅಂಶ ಮಾತ್ರ. ಆದರೂ ಯಾವ ಲಸಿಕೆಯಲ್ಲಿ ಯಾವುದು ಎಂದು ತಿಳಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಎಚ್ಚರಿಕೆ ಬೇಕಾದಲ್ಲಿ ಎಚ್ಚರಿಕೆಯೂ ಬರುತ್ತದೆ.

3. ತತ್ತಿ ಆಗದ ಮಗು

ಸರಕಾರಿ ದವಾಖಾನೆಯಲ್ಲಿ 9 ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ಎಂ.ಆರ್. ಲಸಿಕೆ ಕೊಡುತ್ತಾರೆ. ದಡಾರ (ಮರಾಠಿಯಲ್ಲಿ ಗೋವರ್) ಮತ್ತು ರುಬೆಲ್ಲಾ ಎಂಬ ಎರಡು ರೋಗಗಳಿಗೆ ಇದು ಒಂದೇ ಸೂಜಿ. ನಮ್ಮಲ್ಲಿ ತತ್ತಿಯ ಹೆದರಿಕೆ ಹೆಚ್ಚಾಗಿ ಇದರ ಬಗ್ಗೆಯೇ.

ಈಗ ಗಮನಿಸಿ. ಸರಕಾರಿ ಕಾರ್ಯಕ್ರಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಎಂ.ಆರ್. ಲಸಿಕೆಯ ಎರಡೂ ವೈರಸ್‌ಗಳನ್ನು ತತ್ತಿಯಲ್ಲಾಗಲಿ, ಕೋಳಿಯ ಕೋಶದಲ್ಲಾಗಲಿ ಬೆಳೆಸುವುದಿಲ್ಲ. ಆದ್ದರಿಂದ ತತ್ತಿಯ ಅಲರ್ಜಿ ಈ ಲಸಿಕೆಗೆ ಅಡ್ಡಿಯೇ ಅಲ್ಲ.

ಖಾಸಗಿ ವೈದ್ಯರು ಕೊಡುವ ಎಂ.ಎಂ.ಆರ್. ಲಸಿಕೆಯಲ್ಲಿ ಗದ್ದಬಾವಿನ ವೈರಸ್ ಕೂಡ ಇರುತ್ತದೆ. ಅದನ್ನು ಕೋಳಿಮರಿಯ ಭ್ರೂಣದ ಕೋಶಗಳಲ್ಲಿ ಬೆಳೆಸುತ್ತಾರೆ. ಅದೂ ಇಡೀ ತತ್ತಿಯಲ್ಲ. ಉಳಿಯುವ ತತ್ತಿಯ ಅಂಶ ಇಲ್ಲವೆನ್ನುವಷ್ಟು ಕಡಿಮೆ. 1995ರಲ್ಲಿ ಅಮೆರಿಕದ ವೈದ್ಯರು ತತ್ತಿಯ ಅಲರ್ಜಿ ಖಚಿತವಾಗಿದ್ದ 54 ಮಕ್ಕಳಿಗೆ ಪೂರ್ಣ ಪ್ರಮಾಣದಲ್ಲಿ ಈ ಲಸಿಕೆ ಕೊಟ್ಟು ನೋಡಿದರು. ಅವರಲ್ಲಿ 26 ಮಕ್ಕಳಿಗೆ ಹಿಂದೆ ತತ್ತಿ ತಿಂದು ತೀವ್ರ ತೊಂದರೆಯಾಗಿತ್ತು. ಲಸಿಕೆಯಿಂದ ಒಬ್ಬರಿಗೂ ತೀವ್ರ ತೊಂದರೆ ಆಗಲಿಲ್ಲ. ಆಮೇಲೆ ಜಗತ್ತಿನಲ್ಲೆಲ್ಲ ಅನುಭವವೂ ಹೀಗೆಯೇ ಬಂದಿದೆ. ತತ್ತಿಯ ಅಲರ್ಜಿ ಎಂಬ ಕಾರಣಕ್ಕೆ ದಡಾರದ ಲಸಿಕೆ ತಪ್ಪಿಸಬಾರದು.

ಫ್ಲೂ ಲಸಿಕೆಗಳಲ್ಲಿ ಹಲವು ನಿಜವಾಗಿಯೂ ತತ್ತಿಯೊಳಗೆ ಬೆಳೆಸಿದವು. ಹಿಂದೆ ಇದಕ್ಕೆ ವಿಶೇಷ ಎಚ್ಚರಿಕೆ ಹೇಳುತ್ತಿದ್ದರು. ವರ್ಷಗಳ ಅನುಭವದ ನಂತರ, 2023ರಿಂದ ಅಮೆರಿಕದ ಆರೋಗ್ಯ ಇಲಾಖೆಯು ತತ್ತಿಯ ಅಲರ್ಜಿ ಇದ್ದವರಿಗೂ ಬೇರೆಯವರಂತೆಯೇ ಕೊಡಬಹುದು, ವಿಶೇಷ ಏರ್ಪಾಡು ಬೇಡ ಎಂದು ಹೇಳುತ್ತಿದೆ.

ನಾಯಿ ಕಚ್ಚಿದಾಗ ಕೊಡುವ ರೇಬೀಸ್ ಲಸಿಕೆಗಳಲ್ಲಿ ಕೆಲವನ್ನು ಕೋಳಿಮರಿಯ ಕೋಶಗಳಲ್ಲಿ, ಕೆಲವನ್ನು ವೀರೋ ಎಂಬ ಬೇರೆ ಕೋಶಗಳಲ್ಲಿ ಬೆಳೆಸುತ್ತಾರೆ. ತತ್ತಿಯ ತೀವ್ರ ಅಲರ್ಜಿ ಇದ್ದರೆ ಮೊದಲೇ ಹೇಳಿ. ವೀರೋ ಕೋಶದ ಲಸಿಕೆ ಸಿಕ್ಕರೆ ಅದನ್ನು ಕೊಡುತ್ತಾರೆ. ಸಿಗದಿದ್ದರೂ ನಾಯಿ ಕಚ್ಚಿದ ಮೇಲೆ ರೇಬೀಸ್ ಲಸಿಕೆಯನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವ ಆಸೆ ಇಲ್ಲ.

ತತ್ತಿಯ ವಿಷಯದಲ್ಲಿ ಇಂದಿಗೂ ನಿಜವಾದ ಎಚ್ಚರಿಕೆ ಬೇಕಾದ ಲಸಿಕೆ ಒಂದಿದೆ: ಹಳದಿ ಜ್ವರದ ಲಸಿಕೆ. ಇದು ನಮ್ಮ ದೇಶದ ಮಕ್ಕಳ ಪಟ್ಟಿಯಲ್ಲಿ ಇಲ್ಲ. ಆಫ್ರಿಕಾದ ಅಥವಾ ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಕುಟುಂಬ ಸಮೇತ ಹೋಗುವವರಿಗೆ ಮಾತ್ರ ಬೇಕಾಗುತ್ತದೆ. ಅಂಥವರು ಮೊದಲು ಅಲರ್ಜಿ ತಜ್ಞರನ್ನು ಕಾಣಬೇಕು.

4. ಹಾಲು ಆಗದ ಮಗು

ನಮ್ಮ ಭಾಗದಲ್ಲಿ ತತ್ತಿಯದೇ ಮಾತು ದೊಡ್ಡದಾಗಿ, ಹಾಲಿನ ಮಾತು ಹಿಂದೆ ಸರಿದಿದೆ. ಆದರೆ ಗಮನ ಕೊಡಬೇಕಾದದ್ದು ಇಲ್ಲಿಯೇ.

ಮೇಲೆ ಹೇಳಿದ ಪುಣೆಯ ಎಂ.ಆರ್. ಮತ್ತು ಎಂ.ಎಂ.ಆರ್. ಲಸಿಕೆಗಳು ಕೆಡದಂತೆ ಸೇರಿಸುವ ಪದಾರ್ಥಗಳಲ್ಲಿ ಲ್ಯಾಕ್ಟಾಲ್ಬುಮಿನ್ ಹೈಡ್ರೊಲೈಸೇಟ್ ಎಂಬುದೊಂದು ಇದೆ. ಹಾಲಿನ ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದು ಮಾಡಿದ ಪದಾರ್ಥ ಇದು. ಸಾಮಾನ್ಯ ಮಕ್ಕಳಿಗೆ ಇದರಿಂದ ಏನೂ ಆಗುವುದಿಲ್ಲ. ನಮ್ಮ ದೇಶದಲ್ಲಿಯೂ ಹೊರಗೂ ಕೋಟ್ಯಂತರ ಮಕ್ಕಳು ಈ ಲಸಿಕೆ ಪಡೆದಿದ್ದಾರೆ. ಆದರೆ 2014ರಲ್ಲಿ ಬ್ರೆಜಿಲ್ ದೇಶದಲ್ಲಿ ದಡಾರದ ಅಭಿಯಾನ ನಡೆದಾಗ, ಆಕಳ ಹಾಲಿನ ಅಲರ್ಜಿ ಇದ್ದ ಕೆಲವು ಮಕ್ಕಳಿಗೆ ಇದೇ ಸಂಸ್ಥೆಯ ಎಂ.ಎಂ.ಆರ್. ಕೊಟ್ಟ ಮೇಲೆ ಅಲರ್ಜಿಯ ತೊಂದರೆ ಕಾಣಿಸಿತು. ಅಲ್ಲಿಯ ಆರೋಗ್ಯ ಇಲಾಖೆ ಅಭಿಯಾನವನ್ನು ನಿಲ್ಲಿಸಲಿಲ್ಲ. ಹಾಲಿನ ಅಲರ್ಜಿ ಇರುವ ಮಕ್ಕಳಿಗೆ ಮಾತ್ರ ಈ ಲಸಿಕೆ ಬೇಡ ಎಂದು ಸೂಚಿಸಿತು. ಈ ಪದಾರ್ಥವಿಲ್ಲದ ಬೇರೆ ಸಂಸ್ಥೆಗಳ ಲಸಿಕೆಗಳೂ ಇವೆ.

ಈ ಘಟನೆಯಿಂದ ನಾವು ಕಲಿಯಬೇಕಾದದ್ದು ಏನು? ಲಸಿಕೆ ಕೆಟ್ಟದ್ದು ಎಂಬ ಪಾಠವಲ್ಲ. ಯಾವ ಮಗುವಿಗೆ ಯಾವ ಲಸಿಕೆ ಎಂದು ನೋಡಿ ಕೊಡಬೇಕು. ಅದಕ್ಕೆ ತಾಯಿ ತಂದೆ ಬಾಯಿ ಬಿಟ್ಟು ಹೇಳಬೇಕು. ಹಾಲು, ಮೊಸರು ಅಥವಾ ಪೇಢಾ ತಿಂದ ಕೂಡಲೆ ಗಂಧೆ, ಬಾವು, ವಾಂತಿ, ಉಸಿರಿನ ತೊಂದರೆ ಆಗಿರುವ ಮಗುವಿಗೆ ಅಂಗನವಾಡಿಯಲ್ಲಿ ಎಂ.ಆರ್. ಹಾಕಿಸಬೇಡಿ. ಹಾಗೆಂದು ಬಿಟ್ಟೂ ಬಿಡಬೇಡಿ. ಮಕ್ಕಳ ವೈದ್ಯರ ಬಳಿ ಹೋಗಿ. ಅವರು ಹಾಲಿನ ಅಂಶವಿಲ್ಲದ ಲಸಿಕೆ ತರಿಸಬಹುದು, ಇಲ್ಲವೆ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಸಿದ್ಧತೆ ಇಟ್ಟುಕೊಂಡು ತಮ್ಮ ಕಣ್ಣೆದುರಿಗೆ ಕೊಡಿಸಬಹುದು. ಕೊಲ್ಹಾಪುರದಲ್ಲಿ ಸಿ.ಪಿ.ಆರ್., ಇಚಲಕರಂಜಿಯಲ್ಲಿ ಐ.ಜಿ.ಎಂ., ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆ ನಮಗೆ ಹತ್ತಿರದವು. ಅಲ್ಲಿಯ ಮಕ್ಕಳ ವೈದ್ಯರಿಂದ ವಿಚಾರಣೆ ಶುರು ಮಾಡಬಹುದು. ಬೆಳಗಾವಿಗೆ ಹೋಗಿ ಬರುವ ರೂಢಿ ಇರುವವರಿಗೆ ಅಲ್ಲಿಯೂ ದೊಡ್ಡ ಆಸ್ಪತ್ರೆಗಳಿವೆ.

ಡಿ.ಪಿ.ಟಿ. ಲಸಿಕೆಯ ಬ್ಯಾಕ್ಟೀರಿಯಾ ಬೆಳೆಸುವ ದ್ರವದಲ್ಲಿ ಕೇಸೀನ್ ಎಂಬ ಹಾಲಿನ ಪ್ರೋಟೀನು ಬಳಕೆಯಾಗುವುದುಂಟು. 2011ರಲ್ಲಿ ಅಮೆರಿಕದ ವೈದ್ಯರು, ಹಾಲಿನ ತೀವ್ರ ಅಲರ್ಜಿ ಇದ್ದ ಕೆಲವೇ ಮಕ್ಕಳಿಗೆ ಇಂಥ ಲಸಿಕೆಯ ಬೂಸ್ಟರ್ ನಂತರ ತೊಂದರೆಯಾದದ್ದನ್ನು ವರದಿ ಮಾಡಿದರು. ಆದರೆ ಹಾಲಿನ ಅಲರ್ಜಿಯ ಮಕ್ಕಳಲ್ಲಿ ಬಹುತೇಕ ಎಲ್ಲರೂ ಇದನ್ನು ತೊಂದರೆಯಿಲ್ಲದೆ ಪಡೆಯುತ್ತಾರೆ. ಆದ್ದರಿಂದ ಲಸಿಕೆ ನಿಲ್ಲಿಸುವ ಸಲಹೆ ಎಲ್ಲಿಯೂ ಬರಲಿಲ್ಲ. ಹೇಳಿ ಹಾಕಿಸಿರಿ, ಹಾಕಿಸಿದ ಮೇಲೆ ಕುಳಿತಿರಿ: ಇಷ್ಟೇ.

ಜೊತೆಗೆ ಒಂದು ಮಾತು. ಆಕಳ ಹಾಲು ಆಗದ ಮಗುವಿಗೆ "ಎಮ್ಮೀ ಹಾಲು ಕೊಡ್ರಿ, ಆಡಿನ ಹಾಲು ಕೊಡ್ರಿ" ಎಂದು ಹೇಳುವವರು ನಮ್ಮಲ್ಲಿ ಬಹಳ. ಈ ಮೂರೂ ಹಾಲಿನ ಪ್ರೋಟೀನುಗಳು ಒಂದಕ್ಕೊಂದು ಬಹಳ ಹತ್ತಿರದವು. ಒಂದು ಆಗದಿದ್ದರೆ ಹೆಚ್ಚಾಗಿ ಇನ್ನೊಂದೂ ಆಗುವುದಿಲ್ಲ. ಮನೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ.

5. ಶೇಂಗಾ, ಜೆಲಾಟಿನ್, ಈಸ್ಟ್

ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಇಲ್ಲದ ಮನೆ ನಮ್ಮಲ್ಲಿ ಇಲ್ಲ. ಆದ್ದರಿಂದ "ಲಸಿಕೆಯಲ್ಲಿ ಶೇಂಗಾ ಎಣ್ಣಿ ಇರತದಂತ" ಎಂಬ ಮಾತು ಬೇಗ ಹಬ್ಬುತ್ತದೆ. ಇದರ ಮೂಲ ಹಳೆಯದು. 1960ರ ದಶಕದಲ್ಲಿ ಶೇಂಗಾ ಎಣ್ಣೆ ಬೆರೆಸಿದ ಒಂದು ಪದಾರ್ಥವನ್ನು ಫ್ಲೂ ಲಸಿಕೆಯ ಜೊತೆ ಪ್ರಯೋಗ ಮಾಡಿ ನೋಡಿದ್ದರು. ಇಂದು ನಮ್ಮ ಮಕ್ಕಳಿಗೆ ಹಾಕುವ ಯಾವ ಲಸಿಕೆಯಲ್ಲಿಯೂ ಶೇಂಗಾ ಇಲ್ಲ. ಶೇಂಗಾ, ಗೋಡಂಬಿ, ಮೀನು, ಸಿಗಡಿ ಆಗದ ಮಗುವಿಗೆ ಎಲ್ಲ ಲಸಿಕೆ ಹಾಕಿಸಬಹುದು.

ಜೆಲಾಟಿನ್ ಬೇರೆ ಮಾತು. ಅಂಗಡಿಯ ಜೆಲ್ಲಿ ಮಿಠಾಯಿ, ಮಾರ್ಷ್‌ಮ್ಯಾಲೋ, ಕೆಲವು ಪುಡಿಂಗ್‌ಗಳಲ್ಲಿ ಇರುವುದು ಇದೇ. ಎಂ.ಆರ್., ಎಂ.ಎಂ.ಆರ್. ಮತ್ತು ಸೀತಾಳೆಸಿಡುಬಿನ ಹಲವು ಲಸಿಕೆಗಳಲ್ಲಿ ಇದನ್ನು ಸೇರಿಸುತ್ತಾರೆ. 1990ರ ದಶಕದಲ್ಲಿ ಜಪಾನ್ ದೇಶದಲ್ಲಿ ದಡಾರದ ಲಸಿಕೆಯ ನಂತರ ಮಕ್ಕಳಿಗೆ ಅಲರ್ಜಿ ಆಗುತ್ತಿದ್ದಾಗ ಎಲ್ಲರೂ ಮೊದಲು ತತ್ತಿಯನ್ನೇ ಸಂಶಯಿಸಿದರು. ವೈದ್ಯರು ಹುಡುಕಿ ನೋಡಿದರೆ ನಿಜವಾದ ಕಾರಣ ಜೆಲಾಟಿನ್ ಆಗಿತ್ತು. ಅಲ್ಲಿಯ ಲಸಿಕೆಗಳಿಂದ ಅದನ್ನು ತೆಗೆದ ಮೇಲೆ ಆ ತೊಂದರೆ ಇಳಿಯಿತು. ಜೆಲ್ಲಿ ತಿಂದು ಗಂಧೆ ಎದ್ದ ಮಗು ಅಪರೂಪ. ಇದ್ದರೆ ಖಂಡಿತ ಹೇಳಿ.

ಹೆಪಟೈಟಿಸ್ ಬಿ ಲಸಿಕೆಯನ್ನು ಈಸ್ಟ್ ಎಂಬ ಹುದುಗಿನ ಸಹಾಯದಿಂದ ತಯಾರಿಸುತ್ತಾರೆ. ಇದು ಪೆಂಟಾವೇಲೆಂಟ್ ಲಸಿಕೆಯಲ್ಲಿಯೂ ಸೇರಿದೆ. ಈಸ್ಟ್‌ಗೆ ನಿಜವಾದ ಅಲರ್ಜಿ ಬಹಳ ಅಪರೂಪ. ಬ್ರೆಡ್, ಪಾವ್ ತಿಂದು ಆರಾಮಾಗಿರುವ ಮನೆಯವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ.

6. ತೀವ್ರ ತೊಂದರೆ ಎಷ್ಟು ಅಪರೂಪ? ಆದರೆ ಏನು ಮಾಡಬೇಕು?

ಜೀವಕ್ಕೆ ಅಪಾಯ ತರುವ ತೀವ್ರ ಅಲರ್ಜಿಗೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಅಮೆರಿಕದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಡೋಸುಗಳ ದಾಖಲೆ ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 33 ಪ್ರಕರಣ ಸಿಕ್ಕವು. ಅಂದರೆ ಹತ್ತು ಲಕ್ಷ ಡೋಸುಗಳಿಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಆ 33 ಜನರಲ್ಲಿ ಯಾರೂ ಸಾಯಲಿಲ್ಲ.

ಅಪರೂಪವೆಂದು ಮರೆಯಬಾರದು. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆಂದು ಹೇಳುವುದು ಇದಕ್ಕಾಗಿಯೇ. ಮಿಲ್ಲಿನ ಪಾಳಿಗೆ ಹೊತ್ತಾಯಿತು, ಬಸ್ಸು ಹೋಗುತ್ತದೆ ಎಂದು ಎದ್ದು ಬರಬೇಡಿ. ಕೆಲವರಲ್ಲಿ ಲಕ್ಷಣಗಳು ಒಂದೆರಡು ಗಂಟೆ ತಡವಾಗಿಯೂ ಬರುವುದರಿಂದ, ಅಲರ್ಜಿ ಇರುವ ಮಗುವನ್ನು ಆ ದಿನವೆಲ್ಲ ಹಿರಿಯರ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ.

ಸೂಜಿ ಚುಚ್ಚಿದಲ್ಲಿ ನೋವು, ಬಾವು, ಒಂದೆರಡು ದಿನ ಜ್ವರ, ಕಿರಿಕಿರಿ ಇವು ಸಹಜ; ಅಲರ್ಜಿಯಲ್ಲ. ಆದರೆ ಮೈಮೇಲೆ ಗಂಧೆ, ಮುಖದ ಬಾವು, ಉಸಿರಾಟದ ತೊಂದರೆ, ಮೇಲಿಂದ ಮೇಲೆ ವಾಂತಿ, ಮಗು ಮೆತ್ತಗಾಗುವುದು ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ, ಅಥವಾ ಉಸಿರಾಟದ ತೊಂದರೆಯೊಂದೇ ಕಂಡರೂ, ತಡ ಮಾಡಬೇಡಿ. ಮಗುವನ್ನು ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ; ಉಸಿರಿಗೆ ಕಷ್ಟವಾದರೆ ಒರಗಿಸಿ ಕೂಡಿಸಿರಿ. ನರ್ಸ್‌ಬಾಯಿಯನ್ನು ಕೂಗಿ ಕರೆಯಿರಿ. ಇದಕ್ಕೆ ಮೊದಲ ಔಷಧ ತೊಡೆಯ ಹೊರಬದಿಗೆ ಕೊಡುವ ಅಡ್ರಿನಾಲಿನ್ ಸೂಜಿ. ಲಸಿಕೆ ಹಾಕುವಲ್ಲಿ ಅದರ ಕಿಟ್ ಇರಬೇಕು. ಅಲರ್ಜಿಯ ಗುಳಿಗೆ, ಔಷಧ ಕೊಟ್ಟು ಕಾಯುವುದು ಸಾಲದು. ಮನೆಗೆ ಬಂದ ಮೇಲೆ ಹೀಗಾದರೆ 108ಕ್ಕೆ ಫೋನ್ ಮಾಡಿ.

ಒಂದು ಲಸಿಕೆಯಿಂದಲೇ ಹಿಂದೆ ಇಂಥ ತೀವ್ರ ತೊಂದರೆ ಆಗಿದ್ದರೆ ಮಾತ್ರ ಅದೇ ಲಸಿಕೆಯನ್ನು ಮತ್ತೆ ಹಾಕಿಸಬಾರದು. ತಜ್ಞರ ವಿಚಾರಣೆ ಆಗಬೇಕು.

7. ಹಾಕಿಸದಿದ್ದರೆ ಏನಾಗುತ್ತದೆ?

ಹತ್ತು ಲಕ್ಷಕ್ಕೆ ಒಂದು ಎಂಬ ಅಪಾಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಇಟ್ಟಿದ್ದೇವೆ. ಇನ್ನೊಂದು ತಟ್ಟೆಯಲ್ಲಿ ದಡಾರ ಇದೆ. 1963ರಲ್ಲಿ ಲಸಿಕೆ ಬರುವ ಮೊದಲು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಇದರಿಂದ ಸಾಯುತ್ತಿದ್ದರು, ಹೆಚ್ಚಿನವರು ಮಕ್ಕಳು. ಲಸಿಕೆಯಿಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿ 12ರಿಂದ 18 ಜನರಿಗೆ ಅದನ್ನು ಹಚ್ಚುತ್ತಾನೆ. ಅದರ ಬೆನ್ನಿಗೆ ನ್ಯುಮೋನಿಯಾ, ಭೇದಿ, ಕಿವಿ ಸೋರುವುದು, ಮೆದುಳಿನ ಬಾವು ಬರುತ್ತವೆ.

ಇದು ಹಳೆಯ ಕಾಲದ ಮಾತಲ್ಲ. ನಮ್ಮ ರಾಜ್ಯದಲ್ಲಿ 2018ರ ನವೆಂಬರ್ 27ರಿಂದ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆ ಶಾಲೆಗಳಲ್ಲಿ ಎಂ.ಆರ್. ಅಭಿಯಾನ ನಡೆದದ್ದು ನಿಮಗೆ ನೆನಪಿರಬಹುದು. ಅದರ ನಂತರವೂ, 2022ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ಗೋವಂಡಿಯಲ್ಲಿ, ಭಿವಂಡಿಯಲ್ಲಿ, ಮಾಲೇಗಾಂವದಲ್ಲಿ ದಡಾರ ಎದ್ದು ಮಕ್ಕಳು ಸತ್ತರು. ಕೊರೊನಾ ಕಾಲದಲ್ಲಿ ಲಸಿಕೆ ತಪ್ಪಿಸಿಕೊಂಡ ಮಕ್ಕಳು ಅಲ್ಲಿ ಬಹಳ ಇದ್ದರು. ದುಡಿಯಲು ಬಂದವರ, ಒತ್ತೊತ್ತಾದ ಮನೆಗಳ ಓಣಿಗಳಲ್ಲಿ ರೋಗ ಬೇಗ ಹಬ್ಬುತ್ತದೆ. ನೇಕಾರರ ಓಣಿಗಳಿರುವ ನಮ್ಮ ಇಚಲಕರಂಜಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

9 ತಿಂಗಳಿಗಿಂತ ಚಿಕ್ಕ ಕೂಸುಗಳಿಗೆ ಈ ಲಸಿಕೆ ಇನ್ನೂ ಆಗಿರುವುದಿಲ್ಲ. ಒಂದೇ ಡೋಸ್ ಪಡೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಕ್ಕಳಿಗೆ ಪೂರ್ಣ ರಕ್ಷಣೆ ಬರುವುದಿಲ್ಲ. ಎರಡನೆಯ ಡೋಸ್ ಅದಕ್ಕಾಗಿಯೇ. ನಿಜವಾಗಿಯೂ ಲಸಿಕೆ ಪಡೆಯಲಾಗದ ಮಗುವೂ ಎಲ್ಲೋ ಒಂದು ಇರಬಹುದು. ಈ ಎಲ್ಲರಿಗೂ ಸುತ್ತಲಿನ ಮಕ್ಕಳ ಲಸಿಕೆಯೇ ಗೋಡೆ. ಆದ್ದರಿಂದ ನಮ್ಮ ಮಗುವಿಗೆ ಹಾಕಿಸುವ ಸೂಜಿ ನೆರೆಮನೆಯ ಕೂಸಿಗೂ ಸಲ್ಲುವ ಸೇವೆ.

8. ಮನಸ್ಸಾಕ್ಷಿಯ ಒಂದು ಪ್ರಶ್ನೆ

ಎಂ.ಆರ್. ಲಸಿಕೆಯನ್ನು ತತ್ತಿಯಲ್ಲಿ ಬೆಳೆಸುವುದಿಲ್ಲ ಎಂದೆವು. ಹಾಗಾದರೆ ಎಲ್ಲಿ? ಮಾನವ ಕೋಶಗಳ ಸಾಲಿನಲ್ಲಿ. ಇಂಥ ಲಸಿಕೆಗಳಿಗೆ ಬಳಸುವ ಕೋಶಗಳ ಸಾಲುಗಳು 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣಗಳಿಂದ ಶುರುವಾದವು. ಕಥೋಲಿಕರಾದ ನಮಗೆ ಇದು ಕಸಿವಿಸಿ ತರುವ ಸಂಗತಿ. ಅದನ್ನು ಮುಚ್ಚಿಡಬೇಕಾಗಿಲ್ಲ, ಏಕೆಂದರೆ ಧರ್ಮಸಭೆ ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟಿದೆ.

ಜೀವಕ್ಕಾಗಿರುವ ಪರಮಪೀಠದ ಅಕಾಡೆಮಿ 2005ರಲ್ಲಿ ಮತ್ತು 2017ರಲ್ಲಿ ಈ ವಿಷಯವನ್ನು ವಿಚಾರಿಸಿತು. ವಿಶ್ವಾಸ ಸಿದ್ಧಾಂತದ ಪರಮಪೀಠೀಯ ವಿಭಾಗವು 2020ರ ಡಿಸೆಂಬರ್ 21ರಂದು ಕೊರೊನಾ ಲಸಿಕೆಗಳ ಸಂದರ್ಭದಲ್ಲಿ ಮತ್ತೆ ವಿವರಿಸಿತು. ಅವುಗಳ ಸಾರ ಹೀಗಿದೆ. ಗರ್ಭಪಾತ ಎಂದಿಗೂ ತಪ್ಪೇ. ಆದರೆ ಇಂದು ಲಸಿಕೆ ಪಡೆಯುವವರು ಆ ಹಳೆಯ ಕೃತ್ಯದಲ್ಲಿ ಪಾಲುದಾರರಲ್ಲ. ಬೇರೆ ಲಸಿಕೆ ಸಿಗದಿರುವಾಗ, ರೋಗದ ಅಪಾಯ ಗಂಭೀರವಾಗಿರುವಾಗ ಇಂಥ ಲಸಿಕೆಯನ್ನು ಶುದ್ಧ ಮನಸ್ಸಾಕ್ಷಿಯಿಂದ ಪಡೆಯಬಹುದು. ಜೊತೆಗೆ, ಇಂಥ ಕೋಶಗಳಿಲ್ಲದ ಲಸಿಕೆಗಳನ್ನು ತಯಾರಿಸಬೇಕೆಂದು ನಾವು ಒತ್ತಾಯಿಸುತ್ತಿರಬೇಕು.

ಇನ್ನೊಂದು ಬದಿಯನ್ನೂ ನೋಡಿರಿ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಗರ್ಭ ಇಳಿದುಹೋಗಬಹುದು. ಹುಟ್ಟುವ ಕೂಸು ಕುರುಡಾಗಿ, ಕಿವುಡಾಗಿ, ಹೃದಯದ ದೋಷದಿಂದ ನರಳಬಹುದು. ನಮ್ಮ ಮಕ್ಕಳಿಗೆ ಹಾಕಿಸುವ ಎಂ.ಆರ್. ಲಸಿಕೆ ಇನ್ನೂ ಹುಟ್ಟದ ಕೂಸುಗಳ ಜೀವವನ್ನು ಕಾಯುತ್ತದೆ. ಜೀವದ ಪರವಾಗಿ ಪ್ರಾರ್ಥಿಸುವ ನಾವು ಇದನ್ನು ಮರೆಯಬಾರದು.

"ದೇವರು ಕಾಯುತ್ತಾರೆ, ಲಸಿಕೆ ಯಾಕೆ?" ಎನ್ನುವವರಿಗೂ ಒಂದು ಮಾತು. ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಹಿಡಿಯುತ್ತಾರೆ ಎಂದು ಸೈತಾನನು ಹೇಳಿದಾಗ ಯೇಸುಸ್ವಾಮಿ ಧುಮುಕಲಿಲ್ಲ, ದೇವರನ್ನು ಪರೀಕ್ಷಿಸಬಾರದೆಂದರು. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ವೈದ್ಯನನ್ನು ಗೌರವಿಸಬೇಕು, ಔಷಧವು ದೇವರ ಸೃಷ್ಟಿಯೇ ಎಂದು ಕಲಿಸುತ್ತದೆ. ಪ್ರಾರ್ಥನೆ ಮಾಡೋಣ, ಮಗುವನ್ನು ಎತ್ತಿಕೊಂಡು ದವಾಖಾನೆಗೂ ಹೋಗೋಣ.

9. ನರ್ಸ್‌ಬಾಯಿಗೆ ಹೇಗೆ ಹೇಳಬೇಕು?

ನಮ್ಮ ತಾಯಂದಿರಲ್ಲಿ ಹಲವರಿಗೆ ಮರಾಠಿ ಕೇಳಿದರೆ ತಿಳಿಯುತ್ತದೆ, ಮಾತಾಡಲು ಸಂಕೋಚ. ಗದ್ದಲದ ಸಾಲಿನಲ್ಲಿ ನಿಂತಾಗ ಆ ಸಂಕೋಚವೇ ಬಾಯಿ ಕಟ್ಟುತ್ತದೆ. ಆದ್ದರಿಂದ ಈ ಕೆಲವು ವಾಕ್ಯಗಳನ್ನು ಕತ್ತರಿಸಿ ಲಸಿಕೆಯ ಕಾರ್ಡಿನೊಳಗೆ ಇಟ್ಟುಕೊಳ್ಳಿ:

"ಮಾಝ್ಯಾ ಬಾಳಾಲಾ ದುಧಾಚೀ ಅಲರ್ಜೀ ಆಹೇ." (ನನ್ನ ಮಗುವಿಗೆ ಹಾಲಿನ ಅಲರ್ಜಿ ಇದೆ.)

ತತ್ತಿಯಾದರೆ "ಅಂಡ್ಯಾಚೀ", ಶೇಂಗಾ ಆದರೆ "ಶೇಂಗದಾಣ್ಯಾಚೀ" ಎನ್ನಬೇಕು.

"ಹೀ ಲಸ ಕೋಣತೀ? ಕೋಣತ್ಯಾ ಕಂಪನೀಚೀ?" (ಇದು ಯಾವ ಲಸಿಕೆ? ಯಾವ ಕಂಪನಿಯದು?)

"ಆಮ್ಹೀ ಅರ್ಧಾ ತಾಸ ಇಥೇ ಥಾಂಬತೋ." (ನಾವು ಅರ್ಧ ತಾಸು ಇಲ್ಲಿಯೇ ಇರುತ್ತೇವೆ.)

ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಅಲರ್ಜಿಯ ಹೆಸರನ್ನು ಮರಾಠಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ ವೈದ್ಯರಿಂದಲೇ ಬರೆಸಿಕೊಳ್ಳಿ. ಮಗುವನ್ನು ಅಜ್ಜಿಯೋ ಅತ್ತೆಯೋ ಕರೆದುಕೊಂಡು ಹೋದರೂ ಆಗ ಕಾರ್ಡೇ ಮಾತಾಡುತ್ತದೆ. ತವರಿಗೆ ಹೋದಾಗ ಗಡಿಯಾಚೆ ಚಿಕ್ಕೋಡಿ, ಸಂಕೇಶ್ವರ, ನಿಪ್ಪಾಣಿಯಲ್ಲಿ ಲಸಿಕೆ ಹಾಕಿಸುವವರು ಅದೇ ಕಾರ್ಡನ್ನು ಜೊತೆಗೆ ಒಯ್ಯಬೇಕು.

ಈ ಪಾಠ ವೈದ್ಯರ ಸಲಹೆಯ ಬದಲಿಯಲ್ಲ. ವೈದ್ಯರ ಎದುರಿಗೆ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾಗಲಿ.

ಕುಟುಂಬದಲ್ಲಿ ಮತ್ತು ಕಿರು ಕ್ರೈಸ್ತ ಸಮುದಾಯದಲ್ಲಿ ಚರ್ಚೆಗೆ

1. ನಮ್ಮ ಮನೆಯ ಮಕ್ಕಳಲ್ಲಿ ಯಾರಿಗಾದರೂ ಯಾವುದಾದರೂ ಆಹಾರ ಆಗುವುದಿಲ್ಲವೇ? ಅದು ನಿಜವಾದ ಅಲರ್ಜಿಯೇ, ಅಥವಾ ಉಷ್ಣ, ಪಿತ್ತ, ವಾಯುವಿನ ಮಾತೇ? ಹೇಗೆ ಗೊತ್ತಾಯಿತು?

2. ಎಲ್ಲ ಮಕ್ಕಳ ಲಸಿಕೆಯ ಕಾರ್ಡನ್ನು ಈ ವಾರ ತೆಗೆದು ನೋಡಿರಿ. ಎಂ.ಆರ್. ಎರಡೂ ಡೋಸ್ ಆಗಿವೆಯೇ? ತಪ್ಪಿದ್ದರೆ, ವಯಸ್ಸು ದಾಟಿತೆಂದು ಬಿಡಬೇಡಿ. 5 ವರ್ಷದವರೆಗೂ ಸರಕಾರಿ ದವಾಖಾನೆಯಲ್ಲಿ ಹಾಕುತ್ತಾರೆ.

3. ನಮ್ಮ ಓಣಿಯಲ್ಲಿ ಮರಾಠಿ ಬಾರದೆ ದವಾಖಾನೆಗೆ ಹೋಗಲು ಹಿಂಜರಿಯುವ ತಾಯಿ ಯಾರಾದರೂ ಇದ್ದಾರೆಯೇ? ಮುಂದಿನ ಲಸಿಕೆಯ ದಿನ ಅವರ ಜೊತೆ ಯಾರು ಹೋಗುತ್ತೀರಿ?

ಮಕ್ಕಳನ್ನು ಹತ್ತಿರ ಕರೆದು ಹರಸಿದ ಪ್ರಭು ಯೇಸು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ. ಅವರನ್ನು ಕಾಯಲು ನಮ್ಮ ಕೈಗೆ ಕೊಟ್ಟಿರುವ ಸಾಧನಗಳನ್ನು ತಿಳಿದು ಬಳಸುವ ಬುದ್ಧಿಯನ್ನು ನಮಗೆ ಕೊಡಲಿ.